ತಂಬೂರಿ ಕೇಳಿಸುವ ಹೆಡ್‌ಫೋನ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೆಡ್‌ಫೋನ್ ತೋರಿಸಿ ಎಂದು ಕೇಳಿದರೆ ಅಂಗಡಿಯ ಹುಡುಗ ಸಾಮಾನ್ಯವಾಗಿ ಮೊದಲು ಹಾಕುವುದು ಎದೆ ಅದುರಿಸುವ ಒಂದು ಡಿಜೆ ಹಾಡು. 'ಬೇಸ್ ಹೆಂಗಿದೆ ನೋಡಿ ಸಾರ್' ಎನ್ನುತ್ತಾನೆ. ಕೇಳಿದವರು ತಲೆದೂಗುತ್ತಾರೆ, ದುಡ್ಡು ಕೊಟ್ಟು ಬರುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ಹುಟ್ಟಿದ ಆ ಸದ್ದು ಮೂಲದಲ್ಲಿ ಹೇಗಿತ್ತೆಂದು ನಮಗೆ ಗೊತ್ತಿಲ್ಲ. ಹಾಗಾಗಿ ಹೆಡ್‌ಫೋನ್ ಅದನ್ನು ಇದ್ದಂತೆ ಕೇಳಿಸುತ್ತಿದೆಯೋ ಉಬ್ಬಿಸಿ ಕೇಳಿಸುತ್ತಿದೆಯೋ ಹೇಳುವುದು ಸಾಧ್ಯವಿಲ್ಲ. ಸಂಗೀತಕ್ಕೆಂದೇ ಹೆಡ್‌ಫೋನ್ ಕೊಳ್ಳುವವರು ತಮಗೆ ಬಾಯಿಪಾಠವಾಗಿರುವ ಒಂದು ಕಚೇರಿಯ ಧ್ವನಿಮುದ್ರಿಕೆಯನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಬೇಕು. ಅಲ್ಲಿ ಕಿವಿಗೊಡಬೇಕಾದದ್ದು ಗಾಯಕರಿಗಲ್ಲ, ಅವರ ಹಿಂದೆ ಕೂತ ತಂಬೂರಿಗೆ.

ಗಾಯಕರು ತಾರಸ್ಥಾಯಿಗೆ ಏರಿದಾಗ, ತಾಳವಾದ್ಯ ತುಂಬಿ ಬಂದಾಗ ತಂಬೂರಿ ಮಾಯವಾಗುತ್ತದೆಯೇ? ಕೆಲವು ಹೆಡ್‌ಫೋನುಗಳಲ್ಲಿ ಅದು ಬರೀ ಗುಂಯ್ ಎನ್ನುವ ಮಸುಕು ಸದ್ದು. ಕೆಲವದರಲ್ಲಿ ತಗಡು ಗೀಚಿದಂತೆ ಝಿರ್ ಎನ್ನುತ್ತದೆ. ಒಳ್ಳೆಯದರಲ್ಲಿ ಮಾತ್ರ ಒಂದೊಂದು ತಂತಿಯ ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ. ಪಂಚಮ, ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ, ಆ ಮಂದ್ರದ ಒಡಲಿನಿಂದ ಯಾರೂ ಮೀಟದ ಗಾಂಧಾರ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಯಾವ ಹೆಡ್‌ಫೋನಿನಲ್ಲಿ ಇದು ಶ್ರಮವಿಲ್ಲದೆ ಕಿವಿಗೆ ಬೀಳುತ್ತದೋ ಅದರಲ್ಲಿ ಮಿಕ್ಕ ಸಂಗೀತವೂ ಹದವಾಗಿಯೇ ಕೇಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇದಕ್ಕೆ ಕಾರಣ ತಂಬೂರಿಯ ರಚನೆಯಲ್ಲೇ ಇದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸರ ತಂಬೂರಿಯ ಮಂದ್ರ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸಿದ ಜೀವಾಳಿ ನೂಲಿನಿಂದ ಹೊಮ್ಮುವ ಝೇಂಕಾರ ಸಾವಿರಾರು ಹರ್ಟ್ಸ್‌ವರೆಗೂ ಏರುತ್ತದೆ. ಸರ್ ಸಿ.ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲೇ, ಕಲ್ಕತ್ತದಲ್ಲಿದ್ದಾಗ, ಇದನ್ನು ಕೂಲಂಕಷವಾಗಿ ನೋಡಿದ್ದರು. ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಉಪಸ್ವರ ನಿಶ್ಚಲವಾಗಿರಬೇಕೋ ಆ ಉಪಸ್ವರ ಹುಟ್ಟಲೇಬಾರದು ಎನ್ನುವುದು ಯೂರೋಪಿನ ವಿಜ್ಞಾನಿಗಳ ನಿಯಮ. ವೀಣೆ, ತಂಬೂರಿಗಳಲ್ಲಿ ಅಂಥ ಉಪಸ್ವರಗಳು ಗಟ್ಟಿಯಾಗಿಯೇ ಇವೆ, ಕುದುರೆಯ ಉಬ್ಬಿದ ಮೈಯೇ ಅದಕ್ಕೆ ಕಾರಣ ಎಂದು ಅವರು 1921ರಲ್ಲಿ ಬರೆದರು. ಹೀಗೆ ತಳದಿಂದ ತುದಿಯವರೆಗೆ ಒಂದೇ ಸಮನೆ ಹರಡಿಕೊಂಡ, ಎಡೆಬಿಡದೆ ನುಡಿಯುವ ಇನ್ನೊಂದು ವಾದ್ಯ ಕಚೇರಿಯಲ್ಲಿಲ್ಲ. ಹೆಡ್‌ಫೋನ್ ಎಲ್ಲಿ ತಗ್ಗಿದರೂ ಎಲ್ಲಿ ಉಬ್ಬಿದರೂ ತಂಬೂರಿಯ ನಾದದಲ್ಲಿ ಅದು ತೋರಿಬಿಡುತ್ತದೆ.

ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಎರಡರ ಸದ್ದೂ ಸಮನಾಗಿರಬೇಕು. ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ನಮ್ಮ ಕಿವಿ ಅದನ್ನೇ 'ಚೆನ್ನಾಗಿದೆ' ಎನ್ನುತ್ತದೆ. ಸದ್ದು ಸಣ್ಣದಿದ್ದಾಗ ತಗ್ಗಿನ ಸ್ವರಗಳು ಇನ್ನೂ ಕಡಿಮೆ ಕೇಳುವುದು ಕಿವಿಯ ಸ್ವಭಾವ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು. ಆದ್ದರಿಂದ ಹೆಡ್‌ಫೋನ್ ಬದಲಿಸಿದಾಗಲೆಲ್ಲ ವಾಲ್ಯೂಮ್ ಹೊಂದಿಸಿಕೊಂಡು, ಅದೇ ಹಾಡಿನ ಅದೇ ಅರ್ಧ ನಿಮಿಷವನ್ನು ಕೇಳಿ.

ಡಬ್ಬಿಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಬದಿಗಿಡಬಹುದು. '20 ರಿಂದ 20,000 ಹರ್ಟ್ಸ್' ಎಂದು ಐನೂರು ರೂಪಾಯಿಯದರ ಮೇಲೂ ಬರೆದಿರುತ್ತದೆ, ಐವತ್ತು ಸಾವಿರದ್ದರ ಮೇಲೂ. ಆ ವ್ಯಾಪ್ತಿಯೊಳಗೆ ಎಲ್ಲಿ ಎಷ್ಟು ಏರುಪೇರಿದೆ ಎಂದು ಹೇಳದಿದ್ದರೆ ಅದರಿಂದ ಪ್ರಯೋಜನವಿಲ್ಲ. 40 ಮಿ.ಮೀ. ಡ್ರೈವರ್ (ಒಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್), 50 ಮಿ.ಮೀ. ಡ್ರೈವರ್ ಎನ್ನುವುದೂ ಹಾಗೆಯೇ. 40,000 ಹರ್ಟ್ಸ್‌ವರೆಗೆ ಹೋಗುತ್ತದೆ ಎನ್ನುವ ಬಂಗಾರದ ಬಣ್ಣದ ಮುದ್ರೆಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ, ಮನುಷ್ಯರ ಕಿವಿ ಅಲ್ಲಿಗೆ ಮುಟ್ಟುವುದಿಲ್ಲ.

ಕಂಠದ ವಿಚಾರ ಹೆಚ್ಚು ಸೂಕ್ಷ್ಮ. ಎದುರಿಗೆ ಕೂತು ಯಾರಾದರೂ ಹಾಡಿದಾಗ ಆ ಧ್ವನಿ ನಮ್ಮ ಹೊರಕಿವಿಯ ಮಡಿಕೆಗಳನ್ನು ಸವರಿ, ಕಿವಿಯ ನಾಳದೊಳಗೆ ಅನುರಣಿಸಿ, ಆಮೇಲೆ ತಮಟೆಯನ್ನು ಮುಟ್ಟುತ್ತದೆ. ಈ ದಾರಿಯಲ್ಲಿ 3,000 ಹರ್ಟ್ಸ್‌ನ ಆಸುಪಾಸು ಧ್ವನಿ ಹತ್ತು ಡೆಸಿಬೆಲ್‌ಗೂ ಮಿಕ್ಕಿ ಏರುತ್ತದೆ. ಹುಟ್ಟಿದಾಗಿನಿಂದ ನಮಗೆ ಅದೇ ಸಹಜ. ಹೆಡ್‌ಫೋನ್ ಕಿವಿಗೆ ಅಂಟಿಕೊಂಡೇ ನುಡಿಯುವುದರಿಂದ, ಇಯರ್‌ಫೋನಂತೂ ನಾಳದ ಬಾಯನ್ನೇ ಮುಚ್ಚಿಬಿಡುವುದರಿಂದ, ಈ ಏರು ತಪ್ಪಿಹೋಗುತ್ತದೆ ಇಲ್ಲವೇ ಬದಲಾಗುತ್ತದೆ. ತಯಾರಕರು ಅದನ್ನು ಲೆಕ್ಕ ಹಾಕಿ ಮರಳಿ ತುಂಬಿಸಬೇಕು. 2010ರ ದಶಕದಲ್ಲಿ ಹರ್ಮನ್ ಕಂಪನಿಯಲ್ಲಿ ಶಾನ್ ಓಲಿವ್ ಮತ್ತು ಸಂಗಡಿಗರು ಬಹಳಷ್ಟು ಕೇಳುಗರನ್ನು ಕೂರಿಸಿ ನಡೆಸಿದ ಪರೀಕ್ಷೆಗಳಲ್ಲಿ, ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತೆ ಕೇಳಿಸುವ ಹೆಡ್‌ಫೋನನ್ನೇ ಹೆಚ್ಚಿನವರು ಮೆಚ್ಚಿದರು. ಈಗ ಬಹಳ ಕಂಪನಿಗಳು ಅದರ ಸಮೀಪಕ್ಕೆ ಹದಗೊಳಿಸುತ್ತವೆ. ಎರಡು ಮೂರು ಸಾವಿರ ರೂಪಾಯಿಯ ಚೀನೀ ತಂತಿ ಇಯರ್‌ಫೋನುಗಳು ಇವತ್ತು ಅಷ್ಟೊಂದು ಚೆನ್ನಾಗಿ ಹಾಡುವುದಕ್ಕೆ ಇದೂ ಒಂದು ಕಾರಣ.

3,000 ಹರ್ಟ್ಸ್‌ನ ಆಸುಪಾಸಿನ ಈ ಏರು ಕಡಿಮೆಯಾದರೆ ಪಿ.ಬಿ. ಶ್ರೀನಿವಾಸ್ ಕಂಬಳಿ ಹೊದ್ದು ಹಾಡಿದಂತಾಗುತ್ತದೆ. ಹೆಚ್ಚಾದರೆ ಎಸ್. ಜಾನಕಿಯವರ ಏರುಸ್ವರ ಚುಚ್ಚುತ್ತದೆ. ಇನ್ನೂ ಮೇಲೆ, 5,000ದಿಂದ 8,000 ಹರ್ಟ್ಸ್‌ನ ನಡುವೆ, ಶ ಷ ಸ ಅಕ್ಷರಗಳ ಉಸಿರಿರುತ್ತದೆ. ಅಲ್ಲಿ ಉಬ್ಬಿದ ಹೆಡ್‌ಫೋನಿನಲ್ಲಿ ಪ್ರತಿ ಸಕಾರವೂ ಸೀಟಿ ಹೊಡೆಯುತ್ತದೆ. ಯಕ್ಷಗಾನ ಕೇಳುವವರಿಗಂತೂ ಇದು ಬಹಳ ಮುಖ್ಯ. ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಭಾಗವತಿಕೆಯನ್ನು ಚೂಪು ಹೆಡ್‌ಫೋನಿನಲ್ಲಿ ಕೇಳಿದರೆ ಚೆಂಡೆಯ ಏಟಿಗೆ ಹತ್ತೇ ನಿಮಿಷದಲ್ಲಿ ತಲೆ ಸಿಡಿಯುತ್ತದೆ.

ಹಳೆಯ ಧ್ವನಿಮುದ್ರಿಕೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಸಂಗೀತದ ಬಹುದೊಡ್ಡ ಆಸ್ತಿ ಅಲ್ಲಿದೆ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ತಟ್ಟೆಗಳಿರಲಿ, ಮಲ್ಲಿಕಾರ್ಜುನ ಮನ್ಸೂರರ ಬೈಠಕ್‌ಗಳಿರಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಆಕಾಶವಾಣಿ ಮುದ್ರಣಗಳಿರಲಿ, ಬಹುಪಾಲು ಮೋನೋ. ಎಡಕ್ಕೂ ಬಲಕ್ಕೂ ಒಂದೇ ಧ್ವನಿ ಹೋಗುವುದರಿಂದ ಹೆಡ್‌ಫೋನಿನಲ್ಲಿ ಸಂಗೀತ ತಲೆಯ ನಟ್ಟನಡುವೆ ಕೂತಂತೆ ಕೇಳುತ್ತದೆ. ಅದು ಹೆಡ್‌ಫೋನಿನ ದೋಷವಲ್ಲ. ವಿಶಾಲವಾದ ಸ್ಟೀರಿಯೋ ಹರವಿಗೆಂದು ದುಬಾರಿ ದುಡ್ಡು ಕೊಟ್ಟರೂ ಈ ಮುದ್ರಣಗಳಲ್ಲಿ ಅದು ಸಿಗುವುದಿಲ್ಲ. ಬೇಕಾದದ್ದು ನಡುಸ್ವರಗಳ ನಿಚ್ಚಳತೆ. ದೊರೆಸ್ವಾಮಿ ಅಯ್ಯಂಗಾರ್ಯರ ಬೆರಳು ಮೆಟ್ಟಿಲಿನ ಮೇಲೆ ಜಾರಿ ತಂತಿಯನ್ನು ಎಳೆಯುವಾಗ ನಾದ ಬಾಗಿ ಹೋಗುತ್ತದಲ್ಲ, ಆ ಬಾಗು ಎಲ್ಲೂ ಕಡಿಯದೆ, ಕೊನೆಯ ಎಳೆ ಆರುವ ತನಕ ಕೇಳಬೇಕು. ಮೀಟಿದ ಉಗುರಿನ ಸಣ್ಣ ಟಕ್ ಸದ್ದು ಬೇರೆ, ಅದರ ಹಿಂದೆ ಬರುವ ನಾದ ಬೇರೆ ಎಂದು ತಿಳಿಯಬೇಕು. ತಟ್ಟೆಯ ಸವಕಳಿ, ಟೇಪಿನ ಸುಯ್ಯಲು ಎರಡೂ ಮೇಲಿನ ಸ್ವರಗಳಲ್ಲೇ ಹೆಚ್ಚಾಗಿರುತ್ತವೆ. ಹಾಗಾಗಿ ಹಳೆಯದನ್ನೇ ಕೇಳುವವರು ಮೇಲುಸ್ವರ ತುಸು ಮೆತ್ತಗಿರುವ ಹೆಡ್‌ಫೋನ್ ಆರಿಸಿದರೆ ಗಂಟೆಗಟ್ಟಲೆ ದಣಿಯದೆ ಕೇಳಬಹುದು.

ಇನ್ನು ತಗ್ಗಿನ ಸ್ವರಗಳ ಮಾತು. ಮೃದಂಗದ ಎಡ ಮುಚ್ಚಿಗೆಗೆ ರವೆಯ ಹಿಟ್ಟು ಮೆತ್ತಿ ಮಂದ್ರ ನಾದ ತರುತ್ತಾರೆ, ಬಲಕ್ಕೆ ಕರಣೆ. ಎಡಗೈ ಒತ್ತಿ ಜಾರಿಸಿದಾಗ ಬರುವ ಗುಮ್ಕಿ ಹೆಡ್‌ಫೋನಿನಲ್ಲಿ ತೆಳ್ಳಗೆ ಕೇಳಿದರೆ ತಕ್ಷಣ ಹೆಡ್‌ಫೋನನ್ನು ಬೈಯಬೇಡಿ. ಎರಡೂ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಕೆನ್ನೆಗೆ ಒತ್ತಿ ನೋಡಿ. ಗುಮ್ಕಿ ಥಟ್ಟನೆ ತುಂಬಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ ಎಂದು ಅರ್ಥ. ಕನ್ನಡಕ ಹಾಕುವವರಲ್ಲಿ ಇದು ತೀರಾ ಸಾಮಾನ್ಯ: ಕನ್ನಡಕದ ಕಡ್ಡಿ ಕುಷನ್ನಿನ ಅಡಿಗೆ ಸಿಕ್ಕಿ ಸಂದು ಬಿಡುತ್ತದೆ, ತಗ್ಗಿನ ಸ್ವರವೆಲ್ಲ ಅಲ್ಲಿಂದ ಹೊರಗೆ ಹೋಗುತ್ತದೆ. ಅಂಥವರಿಗೆ ಮೆತ್ತನೆಯ ವೆಲ್ವೆಟ್ ಕುಷನ್ನಿನ ದೊಡ್ಡ ಬಟ್ಟಲು ಒಳ್ಳೆಯದು. ಇಯರ್‌ಫೋನಿನಲ್ಲಿ ಇದೇ ಸಮಸ್ಯೆ ರಬ್ಬರ್ ತುದಿಯ ಅಳತೆಯಿಂದ ಬರುತ್ತದೆ. ಡಬ್ಬಿಯಲ್ಲಿ ಮೂರು ಅಳತೆ ಕೊಟ್ಟಿದ್ದರೂ ಬಹಳ ಮಂದಿ ಮೊದಲೇ ಸಿಕ್ಕಿಸಿರುವ ನಡು ಅಳತೆಯನ್ನೇ ಉಳಿಸಿಕೊಂಡು ವರ್ಷಗಟ್ಟಲೆ ತೆಳು ಸಂಗೀತ ಕೇಳುತ್ತಾರೆ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ.

ಎಲ್ಲಿ ಕೂತು ಕೇಳುತ್ತೀರಿ ಎಂಬುದು ಉಳಿದ ಅರ್ಧ ಆಯ್ಕೆಯನ್ನು ತಾನೇ ಮಾಡಿಬಿಡುತ್ತದೆ. ಮನೆಯಲ್ಲಿ ಒಂದು ಶಾಂತ ಕೋಣೆಯಿದ್ದರೆ ಬೆನ್ನು ತೆರೆದಿರುವ ಹೆಡ್‌ಫೋನಿಗೆ ಸಾಟಿಯಿಲ್ಲ. ಜರ್ಮನಿಯ ಸೆನ್‌ಹೈಸರ್ 1968ರಲ್ಲಿ ಹಳದಿ ಸ್ಪಂಜಿನ ಎಚ್‌ಡಿ 414 ತಂದಾಗ ಬಟ್ಟಲಿನ ಹಿಂಭಾಗವನ್ನು ಮುಚ್ಚದೆ ಬಿಟ್ಟಿತು. ಒಳಗೆ ಸದ್ದು ಗುಂಯ್ಗುಡುವುದು ತಪ್ಪಿತು, ಸಂಗೀತ ತಲೆಯ ಸುತ್ತ ಗಾಳಿಯಾಡುವಂತೆ ಹರಡಿತು. ಅದೇ ಕಂಪನಿಯ 1997ರ ಎಚ್‌ಡಿ 600ರಲ್ಲಿ ಕಂಠ ಮತ್ತು ತಂಬೂರಿ ಕೇಳಿದವರಿಗೆ ನನ್ನ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ತೆರೆದ ಬೆನ್ನಿನಿಂದ ಸಂಗೀತ ಹೊರಗೂ ಹೋಗುತ್ತದೆ, ಪಕ್ಕದ ಕುಕ್ಕರ್ ಸೀಟಿ ಒಳಗೂ ಬರುತ್ತದೆ. ಮಗ್ಗುಲಲ್ಲಿ ಮಲಗಿದವರಿದ್ದರೆ ಬಟ್ಟಲು ಮುಚ್ಚಿದ್ದನ್ನೇ ಕೊಳ್ಳಬೇಕು.

ಬಸ್ಸಿನ ಮಾತು ಬೇರೆ. ಡೀಸೆಲ್ ಎಂಜಿನ್ನಿನ ಮೊರೆತವೂ ತಂಬೂರಿಯ ಮಂದ್ರವೂ ಒಂದೇ ಕೇರಿಯವು. ಹಾಗಾಗಿ ಬಸ್ಸಿನಲ್ಲಿ ಮೊದಲು ಮುಳುಗುವುದೇ ತಂಬೂರಿ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ವಿಮಾನದ ಹೆಡ್‌ಫೋನಿನಲ್ಲಿ ಎಂಜಿನ್ನಿನ ಸದ್ದಿಗೆ ಸಂಗೀತ ಕೇಳದೆ, ಆ ಸದ್ದಿಗೆ ವಿರುದ್ಧ ಅಲೆ ಹುಟ್ಟಿಸಿ ಅಳಿಸುವ ಲೆಕ್ಕವನ್ನು ಅಲ್ಲೇ ಕೂತು ಹಾಕಲು ಶುರು ಮಾಡಿದರು. 1989ರಲ್ಲಿ ವಿಮಾನ ಚಾಲಕರಿಗೆ, 2000ದಲ್ಲಿ ಪ್ರಯಾಣಿಕರಿಗೆ ಅಂಥ ಹೆಡ್‌ಫೋನ್ ಬಂತು. ಈ ನಾಯ್ಸ್ ಕ್ಯಾನ್ಸಲಿಂಗ್ ಒಂದೇ ಸಮನೆ ಮೊರೆಯುವ ತಗ್ಗಿನ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಮಾತು, ಹಾರನ್‌ಗಳನ್ನು ಅಷ್ಟಾಗಿ ಅಲ್ಲ. ದಿನವೂ ಒಂದೆರಡು ಗಂಟೆ ಬಸ್ಸಿನಲ್ಲೋ ರೈಲಿನಲ್ಲೋ ಕಳೆಯುವವರು ಇದಕ್ಕೆ ಕೊಡುವ ದುಡ್ಡು ಸಾರ್ಥಕ. ರಸ್ತೆ ದಾಟುವಾಗ ಮಾತ್ರ ಕಿವಿಯಿಂದ ತೆಗೆದುಬಿಡಿ.

ಹೊರಗಿನ ಗದ್ದಲ ಅಡಗದಿದ್ದರೆ ನಾವು ವಾಲ್ಯೂಮ್ ಏರಿಸುತ್ತೇವೆ, ಹಾನಿಯಾಗುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಅಷ್ಟೇ ಹೊತ್ತು ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ ಉಳಿಯುವುದು ನಾಲ್ಕೇ ಗಂಟೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಕ್ಕಳ ಕೈಗೆ ಹೆಡ್‌ಫೋನ್ ಕೊಡುವ ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಮಿತಿಯನ್ನು ತಪ್ಪದೆ ಗೊತ್ತುಮಾಡಿ.

ತಂತಿಯದೋ ತಂತಿಯಿಲ್ಲದ್ದೋ ಎಂಬ ಪ್ರಶ್ನೆಯಲ್ಲಿ ನನ್ನ ಒಲವು ಮನೆಗೆ ತಂತಿಯದು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇದ್ದರೆ ಬ್ಲೂಟೂತ್‌ನ ಎಲ್‌ಡ್ಯಾಕ್ ಎಂಬ ಧ್ವನಿ ಕುಗ್ಗಿಸುವ ವಿಧಾನ ಹೆಚ್ಚೆಂದರೆ 990 ಸಾಗಿಸುತ್ತದೆ. ನಿಜ ಹೇಳಬೇಕೆಂದರೆ ಈ ವ್ಯತ್ಯಾಸವನ್ನು ಕಿವಿಯಿಂದ ಗುರುತಿಸುವುದು ಕಷ್ಟ. ನನ್ನ ಆಕ್ಷೇಪ ಬ್ಯಾಟರಿಯ ಮೇಲೆ. ಪುಟ್ಟ ಇಯರ್‌ಬಡ್‌ಗಳ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಬದಲಾಯಿಸಲು ಹೆಚ್ಚಿನವುಗಳಲ್ಲಿ ದಾರಿಯೇ ಇಲ್ಲ. ತಂತಿಯ ಹೆಡ್‌ಫೋನ್ ಕೊಳ್ಳುವವರು ಅದರ ವಿದ್ಯುತ್ ತಡೆಯನ್ನು, ಅಂದರೆ ಓಮ್ ಅಂಕಿಯನ್ನು, ನೋಡಬೇಕು. ಎಚ್‌ಡಿ 600ರಂಥ 300 ಓಮ್‌ನದಕ್ಕೆ ಫೋನಿನ ಶಕ್ತಿ ಸಾಲದೆ ಸದ್ದು ಸಣ್ಣದಾಗುತ್ತದೆ, ಪುಟ್ಟ ಆಂಪ್ಲಿಫೈಯರ್ ಬೇಕು. ಐವತ್ತು ಅರವತ್ತು ಓಮ್‌ನ ಒಳಗಿನವು ಸಾಮಾನ್ಯವಾಗಿ ಫೋನಿಗೇ ಸಾಕು. ಜ್ಯಾಕ್ ಇಲ್ಲದ ಫೋನಾದರೆ ಯುಎಸ್‌ಬಿ-ಸಿ ಡಾಂಗಲ್ ಹಾಕಿಕೊಂಡರಾಯಿತು.

ಕೊನೆಯದಾಗಿ ಕುಷನ್. ಮಂಗಳೂರು, ಕಾರವಾರದ ಸೆಕೆಗೆ ಕೃತಕ ಚರ್ಮದ ಕುಷನ್ ಬೇಗನೆ ಸಿಪ್ಪೆ ಏಳುತ್ತದೆ. ಕರಿ ಹುಡಿ ಕಿವಿಗೆಲ್ಲ ಮೆತ್ತಿಕೊಂಡಾಗ ಜನ ಹೆಡ್‌ಫೋನನ್ನೇ ಎಸೆಯುತ್ತಾರೆ. ಒಳಗಿನ ಡ್ರೈವರ್‌ಗೆ ಏನೂ ಆಗಿರುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಎರಡು ಮಾತು ಕೇಳಿ: ಕುಷನ್ ಬಿಡಿಯಾಗಿ ಸಿಗುತ್ತದೆಯೇ, ವೈರನ್ನು ಬಿಚ್ಚಿ ಬೇರೆ ಹಾಕಬಹುದೇ? ಎಚ್‌ಡಿ 600ಕ್ಕೆ ಕುಷನ್, ವೈರು, ತಲೆಪಟ್ಟಿಯ ಮೆತ್ತೆ ಈಗಲೂ ಸಿಗುತ್ತವೆ. 1984ರಲ್ಲಿ ಬಂದ ಕಾಸ್ ಪೋರ್ಟಾ ಪ್ರೋ ಇಂದಿಗೂ ತಯಾರಾಗುತ್ತಿದೆ, ಅದರ ಸ್ಪಂಜು ಹರಿದರೆ ಸ್ವಲ್ಪ ದುಡ್ಡಿನಲ್ಲಿ ಹೊಸತು ಹಾಕಿಕೊಳ್ಳಬಹುದು. ಬದಲಿ ಕುಷನ್ ಕೊಳ್ಳುವಾಗ ಮೂಲದಷ್ಟೇ ದಪ್ಪದ್ದನ್ನು, ಸಾಧ್ಯವಾದರೆ ಅದೇ ಕಂಪನಿಯದನ್ನು ತನ್ನಿ. ದಪ್ಪ ಬದಲಾದರೆ ಕಿವಿಗೂ ಡ್ರೈವರ್‌ಗೂ ನಡುವಿನ ದೂರ ಬದಲಾಗಿ ನೀವು ಕೇಳಿ ಮೆಚ್ಚಿ ತಂದ ಧ್ವನಿಯೇ ಬೇರೆಯಾಗುತ್ತದೆ.