ಹಸುಗೂಸನ್ನು ತುರ್ತಾಗಿ ಊರಿಗೆ ಕರೆತರಬೇಕಾದರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಿಂದ ಓದಿ ಹೊರಟವರು ದುಬೈ, ಲಂಡನ್, ಅಮೆರಿಕ ಸೇರಿದ್ದಾರೆ. ಹೆರಿಗೆ ಅಲ್ಲೇ ಆಗುತ್ತದೆ. ಬಾಣಂತನವಾದರೂ ತವರಲ್ಲಿ ಆಗಲಿ ಎಂದು ಇಲ್ಲಿ ಅಜ್ಜಿ ಅಟ್ಟದ ಕೊಬ್ಬರಿಯಲ್ಲಿ ಒಳ್ಳೆಯದನ್ನು ಆರಿಸಿ ಅಂಟಿನುಂಡೆಗೆ ಎತ್ತಿಟ್ಟಿರುತ್ತಾರೆ. ಅಷ್ಟರಲ್ಲಿ ತಾತನಿಗೆ ಹುಷಾರು ತಪ್ಪಿತೆಂದರೆ ನಾಳೆಯೇ ಹೊರಡಬೇಕು. ಅಪ್ಪ-ಅಮ್ಮನ ಬಳಿ ಪಾಸ್‌ಪೋರ್ಟ್ ಇರುತ್ತದೆ, ಕೂಸಿಗೆ ಇರುವುದಿಲ್ಲ.

ಹೆತ್ತವರ ಪಾಸ್‌ಪೋರ್ಟಿನಲ್ಲೇ ಮಗುವಿನ ಹೆಸರು ಸೇರಿಸಿ ಕರೆತರುವ ಹಳೆಯ ಪದ್ಧತಿ ಈಗಿಲ್ಲ. ಎರಡು ವಾರದ ಕೂಸಿಗೂ ಅದರದ್ದೇ ಪಾಸ್‌ಪೋರ್ಟ್ ಬೇಕು. ಯಾವ ದೇಶದ್ದು ಎಂಬುದನ್ನು ಮೊದಲು ಖಚಿತಪಡಿಸಿಕೊಂಡರೆ ಅರ್ಧ ಗೊಂದಲ ಕಳೆದಂತೆ.

ಮಗು ಯಾವ ದೇಶದ ಪ್ರಜೆ?

ದುಬೈ, ಅಬುಧಾಬಿಯಂಥ ಊರುಗಳಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪೌರತ್ವ ಸಿಗದು. ಬ್ರಿಟನ್ನಿನಲ್ಲೂ 1983ರಿಂದ ಹೀಗೆಯೇ: ಹೆತ್ತವರಲ್ಲಿ ಒಬ್ಬರಾದರೂ ಅಲ್ಲಿಯ ಪ್ರಜೆಯಾಗಿರಬೇಕು ಇಲ್ಲವೇ ಶಾಶ್ವತ ನೆಲೆಯ ಹಕ್ಕು ಪಡೆದಿರಬೇಕು. ಹಾಗಿಲ್ಲದಿದ್ದರೆ ಮಗುವಿಗೆ ಭಾರತದ ಪಾಸ್‌ಪೋರ್ಟೇ ಗತಿ.

ಅಮೆರಿಕದಲ್ಲಿ ಹುಟ್ಟಿದವರು ಸಂವಿಧಾನದ 14ನೇ ತಿದ್ದುಪಡಿಯ ಪ್ರಕಾರ ಅಲ್ಲಿಯ ಪ್ರಜೆಗಳು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದನ್ನು ನಿರಾಕರಿಸುವ ಅಧ್ಯಕ್ಷರ ಆದೇಶವೊಂದು 2025ರ ಜನವರಿಯಲ್ಲಿ ಹೊರಬಿದ್ದು ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿರುವವರು ಹೆರಿಗೆಗೆ ಮುಂಚೆಯೇ ಆ ಹೊತ್ತಿನ ನಿಯಮ ವಿಚಾರಿಸಿಕೊಳ್ಳಬೇಕು.

ಭಾರತದ ಪಾಸ್‌ಪೋರ್ಟ್ ಮಾಡಿಸುವ ಬಗೆ

1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಇಲ್ಲಿ ಅನ್ವಯಿಸುತ್ತದೆ. 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗು ಭಾರತೀಯ ಪ್ರಜೆ ಎನಿಸಬೇಕಾದರೆ ಅದರ ಜನನ ಭಾರತದ ಕಾನ್ಸುಲೇಟಿನಲ್ಲಿ ನೋಂದಣಿಯಾಗಬೇಕು. ಒಂದು ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಬರೆದುಕೊಡಬೇಕು.

ಆಸ್ಪತ್ರೆಯ ಕಾಗದದಿಂದ ಸರ್ಕಾರಿ ಜನನ ಪ್ರಮಾಣಪತ್ರ, ಅದರ ಮೇಲೆ ಕಾನ್ಸುಲೇಟ್ ನೋಂದಣಿ, ಆಮೇಲೆ ಪಾಸ್‌ಪೋರ್ಟ್ ಎಂಬುದು ಕ್ರಮ. ಕೊನೆಯ ಎರಡಕ್ಕೂ ಸಾಮಾನ್ಯವಾಗಿ ಒಟ್ಟಿಗೇ ಅರ್ಜಿ ಹಾಕಬಹುದು. ಕೂಸನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಕಣ್ಣು ತೆರೆದಿರುವಾಗ, ಹಿಡಿದವರ ಕೈ ಕಾಣದಂತೆ ಫೋಟೋ ತೆಗೆಯಿರಿ. ಸಹಿಯ ಜಾಗಕ್ಕೆ ಅದರ ಹೆಬ್ಬೆಟ್ಟು ಒತ್ತಿಸಿ.

ಪಾಸ್‌ಪೋರ್ಟಿಗೆ ಕಾಯಲು ಸಮಯವೇ ಇಲ್ಲದಿದ್ದರೆ ತುರ್ತು ಪ್ರಮಾಣಪತ್ರ ಕೇಳಬಹುದು. ಇದನ್ನು ಇಂಗ್ಲಿಷಿನಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಎನ್ನುತ್ತಾರೆ. ಭಾರತಕ್ಕೆ ಒಂದು ಸಲ ಬರಲು ಮಾತ್ರ ಇದು ಸಲ್ಲುತ್ತದೆ. ವಾಪಸ್ ಹೋಗಲು ಪಾಸ್‌ಪೋರ್ಟೂ ಬೇಕು, ಆ ದೇಶದ ವೀಸಾವೂ ಬೇಕು. ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ನಿವಾಸ ವೀಸಾ ಮಾಡಿಸದಿದ್ದರೆ ದಿನಲೆಕ್ಕದಲ್ಲಿ ದಂಡ ಬೀಳುತ್ತದೆ. ಹೊರಡುವ ಮುಂಚೆಯೇ ಮರಳುವ ದಾರಿಯನ್ನೂ ವಿಚಾರಿಸಿಕೊಳ್ಳಿ.

ಮಗು ಅಮೆರಿಕದ ಪ್ರಜೆಯಾದರೆ

16 ವರ್ಷದೊಳಗಿನವರ ಪಾಸ್‌ಪೋರ್ಟಿಗೆ ತಂದೆ-ತಾಯಿ ಇಬ್ಬರೂ ಖುದ್ದು ಹೋಗಬೇಕು. ಒಬ್ಬರು ಬರಲಾಗದಿದ್ದರೆ ಅವರ ನೋಟರಿ ಒಪ್ಪಿಗೆ ಪತ್ರ ಒಯ್ಯಬೇಕು. ಪ್ರಯಾಣ 14 ದಿನದೊಳಗಿದ್ದರೆ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ತುರ್ತು ಅಪಾಯಿಂಟ್‌ಮೆಂಟ್ ಕೇಳಬಹುದು.

ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಭಾರತಕ್ಕೆ ಬರಲು ವೀಸಾ ಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಓಸಿಐ ಕಾರ್ಡ್ ಕೈಸೇರಲು ವಾರಗಟ್ಟಲೆ ಹಿಡಿಯುವುದರಿಂದ ಅವಸರಕ್ಕೆ ಇ-ವೀಸಾ ಅನುಕೂಲ. ಇ-ವೀಸಾದ ಸರ್ಕಾರಿ ತಾಣವನ್ನೇ ಹೋಲುವ ನಕಲಿ ಜಾಲತಾಣಗಳು ಬಹಳ. ವಿಳಾಸ ಜಿಒವಿ.ಇನ್ ಎಂದು ಮುಗಿಯುವ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಿ. ಇ-ವೀಸಾಕ್ಕೂ ಸಮಯವಿಲ್ಲದಿದ್ದರೆ, ಮನೆಯಲ್ಲಿ ಸಾವು ಅಥವಾ ಗಂಭೀರ ಕಾಯಿಲೆಯ ಸಂದರ್ಭದಲ್ಲಿ ಕಾನ್ಸುಲೇಟಿನಿಂದ ತುರ್ತು ವೀಸಾ ಕೋರಬಹುದು.

ಊರು ಸೇರಿದ ಮೇಲೂ ಓಸಿಐ ಅರ್ಜಿಯನ್ನು ಮರೆಯಬೇಡಿ. 2020ರಲ್ಲಿ ಕೊರೊನಾ ಕಾಲದಲ್ಲಿ ಹೊರದೇಶದಲ್ಲಿ ಸಿಲುಕಿದವರನ್ನು ಕರೆತಂದ ವಂದೇ ಭಾರತ್ ವಿಮಾನಗಳಲ್ಲಿ ಹೆತ್ತವರಿಗೆ ಜಾಗವಿದ್ದರೂ ವಿದೇಶಿ ಪಾಸ್‌ಪೋರ್ಟಿನ ಮಕ್ಕಳಿಗೆ ಪ್ರವೇಶ ಸಿಗದೆ ಎಷ್ಟೋ ಕುಟುಂಬಗಳು ವಿಮಾನ ನಿಲ್ದಾಣದಿಂದ ಹಿಂತಿರುಗಬೇಕಾಯಿತು. ಮೇ 22ರಂದು ಸರ್ಕಾರ ಬಿಗಿ ಸಡಿಲಿಸಿದಾಗ, ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಕ್ಕಳ ಪೈಕಿ ಓಸಿಐ ಕಾರ್ಡ್ ಇದ್ದವರಿಗೆ ದಾರಿ ತೆರೆಯಿತು.

ಹೆಸರಿನ ತೊಡಕು

ನಮ್ಮ ಕಡೆ ಹೆಸರಿನ ಹಿಂದೆ ಊರು, ತಂದೆಯ ಇನಿಷಿಯಲ್. ಶಾಲೆಯ ದಾಖಲೆಯಲ್ಲಿ 'ಕೆ.ಬಿ. ಶಿವಕುಮಾರ್', ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ 'ಕಿಬ್ಬನಹಳ್ಳಿ ಬಸವರಾಜು ಶಿವಕುಮಾರ್', ಮದುವೆ ಪ್ರಮಾಣಪತ್ರದಲ್ಲಿ ಬರೀ 'ಶಿವಕುಮಾರ್' ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆ-ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಮಗುವಿನ ಹೆಸರೂ ಅಷ್ಟೇ. ನಾಮಕರಣ ಊರಲ್ಲೇ ಆಗಲಿ, ಆದರೆ ನಕ್ಷತ್ರ ನೋಡಿ ಒಪ್ಪಿಕೊಂಡ ಹೆಸರು ಜನನ ನೋಂದಣಿಗೆ ಮುಂಚೆಯೇ ಅಲ್ಲಿಗೆ ತಲುಪಿರಲಿ. ಆಮೇಲೆ ತಿದ್ದಿಸಲು ಹೊರಟರೆ ನೋಂದಣಿ, ಪಾಸ್‌ಪೋರ್ಟ್, ವೀಸಾ ಎಲ್ಲವನ್ನೂ ಮತ್ತೆ ಮಾಡಿಸಬೇಕಾಗುತ್ತದೆ.

ತುರ್ತು ಕೋರಿಕೆ ಹೀಗಿರಲಿ

ಮೊದಲು ಅರ್ಜಿ ಸಲ್ಲಿಸಿ, ಅದರ ಸಂಖ್ಯೆ ಹಿಡಿದು ಕಾನ್ಸುಲೇಟಿಗೆ ಇ-ಮೇಲ್ ಕಳಿಸಿ. ಒಕ್ಕಣೆ ಚಿಕ್ಕದಿರಲಿ: "ನನ್ನ ತಂದೆ ತುಮಕೂರಿನ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕದಲ್ಲಿದ್ದಾರೆ. ನಮ್ಮ ಇಪ್ಪತ್ತು ದಿನದ ಮಗುವಿನ ಜನನ ನೋಂದಣಿ ಮತ್ತು ಪಾಸ್‌ಪೋರ್ಟ್ ಅರ್ಜಿ ಸಂಖ್ಯೆ ಇದು. ಇಂಥ ತಾರೀಕಿನೊಳಗೆ ಹೊರಡಬೇಕು. ಪಾಸ್‌ಪೋರ್ಟ್ ಆಗದಿದ್ದರೆ ತುರ್ತು ಪ್ರಮಾಣಪತ್ರ ಕೊಡಬೇಕೆಂದು ಕೋರುತ್ತೇವೆ."

ಜೊತೆಗೆ ಫೋನ್ ನಂಬರು, ಹೆತ್ತವರ ಪಾಸ್‌ಪೋರ್ಟ್ ಪ್ರತಿ, ಜನನ ಪ್ರಮಾಣಪತ್ರ, ವೈದ್ಯರ ಪತ್ರ ಲಗತ್ತಿಸಿ. ವೈದ್ಯರ ಪತ್ರ ಕಳಿಸುವುದು ಊರಿನಲ್ಲಿರುವವರ ಕೆಲಸ. ಆಸ್ಪತ್ರೆಯ ಲೆಟರ್‌ಹೆಡ್, ರೋಗಿಯ ಪೂರ್ತಿ ಹೆಸರು, ಕಾಯಿಲೆ, ತಾರೀಕು, ಸಹಿ, ಸೀಲು ಎಲ್ಲವೂ ಇರಲಿ. ಬಂಧುವಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹಾಸಿಗೆಯ ಫೋಟೋ ಪುರಾವೆಯಾಗದು. ಉತ್ತರ ಬಾರದಿದ್ದರೆ ಕಾನ್ಸುಲೇಟಿನ ತುರ್ತು ಸಂಖ್ಯೆಗೆ ಕರೆ ಮಾಡಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ಜಾಲತಾಣದಲ್ಲಿ ಭಾರತೀಯ ಪ್ರಜೆಗಳು ದೂರು ದಾಖಲಿಸಬಹುದು. ಕಾರಣ ನಿಜವಾದದ್ದೇ ಇರಲಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಕಷ್ಟ ಮಗುವಿಗೇ. ಟಿಕೆಟ್ ತೆಗೆಯುವ ಮುಂಚೆ ಎಷ್ಟು ದಿನದ ಕೂಸನ್ನು ಹತ್ತಿಸಿಕೊಳ್ಳುತ್ತಾರೆಂದು ವಿಮಾನ ಕಂಪನಿಯನ್ನು ಕೇಳಿ.

ಊರಿಗೆ ಬಂದ ಮೇಲೆ

ವಿದೇಶಿ ಪಾಸ್‌ಪೋರ್ಟಿನ ಮಗುವಿನ ವೀಸಾ ಅವಧಿ ಮೀರಲು ಬಿಡಬೇಡಿ. ಅಂಥ ಸಮಸ್ಯೆಗಳಿಗೆ ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ಸಂಬಂಧಪಟ್ಟದ್ದು. ಹೊರದೇಶದಲ್ಲಿ ಜನನ ನೋಂದಣಿ ಆಗದೇ ಉಳಿದಿದ್ದು, ಹೆತ್ತವರು ಇಲ್ಲೇ ನೆಲೆಸಲು ಬಂದಿದ್ದರೆ, 1969ರ ಜನನ-ಮರಣ ನೋಂದಣಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿ ನೋಂದಾಯಿಸಬಹುದು.

ಇದೆಲ್ಲಕ್ಕೂ ಸರಿಯಾದ ಕಾಲ ಬಸುರಿಯ ಏಳನೇ ತಿಂಗಳು. ಸೀಮಂತಕ್ಕೆಂದು ಫೋನಿನಲ್ಲಿ ಮಾತಾಡುವಾಗಲೇ ಗಂಡ-ಹೆಂಡತಿಯ ಪಾಸ್‌ಪೋರ್ಟ್ ಅವಧಿ ಎಷ್ಟಿದೆ, ಮದುವೆ ಪ್ರಮಾಣಪತ್ರ ಎಲ್ಲಿದೆ, ಹೆಸರುಗಳು ಹೊಂದುತ್ತವೆಯೇ ಎಂದು ಕೇಳಿಬಿಡಿ. ತಪ್ಪಿದ್ದರೆ ಆಗಲೇ ಸರಿಪಡಿಸಿಕೊಂಡರೆ, ಹೆರಿಗೆಯಾದ ಮೇಲೆ ಬಾಣಂತಿ ಕೂಸನ್ನೆತ್ತಿಕೊಂಡು ಕಚೇರಿ ಅಲೆಯಬೇಕಾಗಿಲ್ಲ.