ಕಿತ್ತವರು ಹಚ್ಚಿಯೂ ಬಂದರು

ಊರ ಮುಂದಿನ ಗಾಯರಾಣ ಯಾರದು? ದನ ಕಾಯುವವನನ್ನು ಕೇಳಿದರೆ 'ಊರದು' ಎನ್ನುತ್ತಾನೆ. ಕಚೇರಿಯ ಕಾಗದ 'ಸರಕಾರದ್ದು' ಎನ್ನುತ್ತದೆ. ಹಾನಗಲ್ಲ ತಾಲೂಕಿನ ಕುಸನೂರಿನ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. 1984ರಲ್ಲಿ ಸರಕಾರವೂ ಕಾರ್ಖಾನೆಯೊಂದೂ ಕೂಡಿ ಕಂಪನಿ ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಜಮೀನನ್ನು ನೀಲಗಿರಿಗೆಂದು ಗೊತ್ತುಮಾಡಿದವು. ನೀಲಗಿರಿ ಎಲೆಯನ್ನು ದನ ಮುಟ್ಟುವುದಿಲ್ಲ. ಮೇವು, ಒಲೆಯ ಕಟ್ಟಿಗೆ, ನೇಗಿಲಿನ ಮರ, ಬಡವನ ಬದುಕೆಲ್ಲ ಆ ಬಯಲಿನಲ್ಲಿತ್ತು.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಹೂಡಿದರು. ನೂರು ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿಗಳನ್ನು ಹಚ್ಚಿದರು. ಬರಿದೆ ಕಿತ್ತು ಮನೆಗೆ ಹೋಗಿದ್ದರೆ ಅದು ಸಿಟ್ಟು ಎನಿಸುತ್ತಿತ್ತು; ಹಚ್ಚಿದ್ದರಿಂದ ಹಕ್ಕು ಎನಿಸಿತು. ಮುಂದೆ 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಕಾಡು, ಕೆರೆ, ನದಿ ಕಾಯುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ 1976ರಿಂದಲೂ ಹೇಳುತ್ತಿದೆ. ಮಠದಲ್ಲಿ ಇದೇಕೆ ಎನ್ನುವವರಿದ್ದಾರೆ, ಎನ್ನಲಿ. ನಾವು ಕೇಳುವುದು ಬೇರೆ: ಕಂಪನಿಯ ಕೈಯಿಂದ ಬಿಡಿಸಿಕೊಂಡ ನೆಲವನ್ನು ವರ್ಷಕ್ಕೊಂದು ಗೇಣು ಬದು ಸರಿಸಿ ನುಂಗುತ್ತಿರುವವರು ಯಾರು? ಅವರೂ ನಮ್ಮ ಭಕ್ತರೇ. ಬರುವ ಸೋಮವಾರ ಮಠಕ್ಕೆ ಬರುವ ಹಿರಿಯರು ತಮ್ಮೂರಿನ ಗಾಯರಾಣದ ಸರ್ವೆ ನಂಬರನ್ನೂ ಎಕರೆಯನ್ನೂ ತಲಾಠಿಯಲ್ಲಿ ಕೇಳಿ ಬರೆದುಕೊಂಡು ಬನ್ನಿರಿ.