ಗೇಮ್ ಆಡುವಾಗ ಮಾನಿಟರ್ ಮಿಣಮಿಣ ಅಂತೈತೇನ್ರಿ? ಹೊಸದು ಕೊಳ್ಳುವ ಮುಂಚೆ ಇಷ್ಟು ನೋಡಿ

ನವಿಲುತೀರ್ಥ: "ಅಣ್ಣಾ, ಬರೇ ಗೇಮ್ ಹಚ್ಚಿದಾಗ ಅಷ್ಟ ಸ್ಕ್ರೀನ್ ಮಿಣಮಿಣ ಮಾಡ್ತೈತಿ, ಉಳಿದ ಟೈಮ್‌ನ್ಯಾಗ ಏನೂ ಇಲ್ಲ." ರಜೆ ಬಂತೆಂದರೆ ಕಂಪ್ಯೂಟರ್ ರಿಪೇರಿ ಅಂಗಡಿಯವರಿಗೆ ಈ ಮಾತು ಹೊಸದಲ್ಲ. ಕೇಳಿದವರು ಒಬ್ಬರು ಮಾನಿಟರ್ ಹೋಯಿತು ಅಂತಾರೆ, ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಹೋಯಿತು ಅಂತಾರೆ. ಎರಡೂ ಸಾವಿರಗಟ್ಟಲೆ ರೂಪಾಯಿಯ ಮಾತು. ಆದರೆ ಎಷ್ಟೋ ಸಲ ತಪ್ಪು ಇರುವುದು ಒಂದು ಕೇಬಲ್‌ನಲ್ಲಿ, ಇಲ್ಲವೇ ಒಂದು ಸೆಟ್ಟಿಂಗ್‌ನಲ್ಲಿ. ಅದನ್ನು ಮನೆಯಲ್ಲೇ ಕಂಡುಹಿಡಿಯಬಹುದು, ಒಂದು ಷರತ್ತಿನ ಮೇಲೆ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಕೇಬಲ್, ಡ್ರೈವರ್, ಸೆಟ್ಟಿಂಗ್ ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಾಗೂದಿಲ್ಲ.

ಮೊದಲು ಕರೆಂಟಿನ ಅನುಮಾನ ತೀರಿಸಿಕೊಳ್ಳೋಣ. ಪಂಪ್‌ಸೆಟ್, ಗಿರಣಿ, ವೆಲ್ಡಿಂಗ್ ಅಂಗಡಿ ಒಂದೇ ಲೈನಿನ ಮೇಲೆ ಇದ್ದಾಗ ವೋಲ್ಟೇಜ್ ಏರಿಳಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಂತ ಎಲ್ಲಾ ತಪ್ಪನ್ನೂ ವೋಲ್ಟೇಜ್ ತಲೆಗೆ ಕಟ್ಟುವುದು ಸರಿಯಲ್ಲ. ಈಗಿನ ಮಾನಿಟರಿನ ಅಡಾಪ್ಟರ್ ತಿರುಗಿಸಿ ನೋಡಿ, 100-240 ವೋಲ್ಟ್ ಎಂದು ಬರೆದಿರುತ್ತದೆ. 230 ಇರಬೇಕಾದ ಕಡೆ 190 ಬಂದರೂ ಅದು ಕೆಲಸ ಮಾಡಬೇಕು. ತೊಂದರೆ ಕೊಡುವುದು ಕಡಿಮೆ ವೋಲ್ಟೇಜಿಗಿಂತ ಹೆಚ್ಚಾಗಿ ಸಡಿಲ ಪ್ಲಗ್, ಹಳೇ ಎಕ್ಸ್‌ಟೆನ್ಷನ್ ಬಾಕ್ಸ್, ಟಕ್ ಟಕ್ ಅನ್ನುವ ಸ್ಟೆಬಿಲೈಜರ್, ಇಲ್ಲವೇ ಸ್ಕ್ವೇರ್ ವೇವ್ ಇನ್ವರ್ಟರ್. ಪರೀಕ್ಷೆ ಸರಳ. ಸ್ಕ್ರೀನ್ ಮಿಣುಕಿದ ಕ್ಷಣಕ್ಕೇ ಕೋಣೆಯ ಬಲ್ಬ್ ಮಂಕಾಯಿತೇ, ಫ್ಯಾನಿನ ಸದ್ದು ಬದಲಾಯಿತೇ? ಹೌದಾದರೆ ಕರೆಂಟ್ ನೋಡಿಸಿ. ಇಲ್ಲವಾದರೆ ಮಾನಿಟರನ್ನು ಎಕ್ಸ್‌ಟೆನ್ಷನ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಚ್ಚಿ ಒಮ್ಮೆ ಆಡಿ ನೋಡಿ, ಮುಂದೆ ಹೋಗಿ.

ಇಲ್ಲಿ ಅಂಗಡಿಕಾರರಿಗೆ ಒಂದು ಮಾತು. ಮೂರು ಫೇಸ್ ಕನೆಕ್ಷನ್ ಇರುವ ಕಡೆ ಕೆಲವು ಬಲ್ಬ್ ಮಂಕಾಗಿ, ಕೆಲವು ವಿಪರೀತ ಜೋರಾಗಿ ಉರಿಯತೊಡಗಿದರೆ ಅದು ಮಾನಿಟರ್ ಸಮಸ್ಯೆಯೇ ಅಲ್ಲ, ನ್ಯೂಟ್ರಲ್ ತಂತಿ ಸಡಿಲವಾಗಿರುವ ಲಕ್ಷಣ. ಆಗ 230 ಬರಬೇಕಾದ ಸಾಕೆಟ್‌ಗೆ 300 ದಾಟಿ ಬರಬಹುದು. ಕಂಪ್ಯೂಟರ್, ಫ್ರಿಜ್, ತೂಕದ ಯಂತ್ರ ಎಲ್ಲಾ ಒಂದೇ ಏಟಿಗೆ ಸುಡಬಹುದು. ಕೂಡಲೇ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಶಿಯನ್ ಕರೆಸಿ. ಅಕ್ಕಪಕ್ಕದವರಿಗೂ ಅದೇ ಪರಿಸ್ಥಿತಿ ಇದ್ದರೆ ಹೆಸ್ಕಾಂ ಸಹಾಯವಾಣಿ 1912.

ಕರೆಂಟ್ ಸರಿ ಇದೆ ಅಂತಾಯಿತು. ಈಗ ತಪ್ಪು ಮಾನಿಟರಿನಲ್ಲೋ, ಕಂಪ್ಯೂಟರಿನಲ್ಲೋ? ಮಾನಿಟರ್ ಕೆಳಗೆ ಅಥವಾ ಹಿಂದೆ ಇರುವ ಬಟನ್ ಒತ್ತಿದರೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇರುವ ಚಿಕ್ಕ ಮೆನು ಬರುತ್ತದೆ. ಆ ಮೆನುವನ್ನು ತಯಾರಿಸುವುದು ಕಂಪ್ಯೂಟರ್ ಅಲ್ಲ, ಸ್ವತಃ ಮಾನಿಟರ್. ಗೇಮ್ ಮಿಣುಕುತ್ತಿದ್ದು ಮೆನು ಮಾತ್ರ ಗಟ್ಟಿಯಾಗಿ ನಿಂತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ ಅಥವಾ ಕಂಪ್ಯೂಟರ್ ಕಡೆಯದು. ಮೆನುವೂ ಮಿಣುಕಿದರೆ ಮಾನಿಟರ್ ಅಥವಾ ಅದರ ಅಡಾಪ್ಟರ್ ಮೇಲೆ ಅನುಮಾನ ಪಡಬೇಕು.

ಕೇಬಲ್ ವಿಷಯ. ಎರಡೂ ತುದಿ ಬಿಚ್ಚಿ, ಧೂಳು ಊದಿ, ಗಟ್ಟಿಯಾಗಿ ಕೂಡಿಸಿ. ಇಲಿ ಕಡಿದಿದೆಯೇ ಅಂತಾನೂ ನೋಡಿ, ಕಾಳಿನ ಚೀಲ ಇರುವ ಅಂಗಡಿಗಳಲ್ಲಿ ಇದು ತಮಾಷೆಯ ಮಾತಲ್ಲ. ಸಾದಾ ಕೆಲಸಕ್ಕೆ ಚೆನ್ನಾಗಿ ನಡೆಯುವ ಹಳೇ ಎಚ್‌ಡಿಎಂಐ ಕೇಬಲ್ 144 ಹರ್ಟ್ಸ್‌ನಲ್ಲಿ ಗೇಮ್ ಹಚ್ಚಿದಾಗ ಸೋಲಬಹುದು, ಯಾಕೆಂದರೆ ಆಗ ಅದರೊಳಗೆ ಹರಿಯುವ ಮಾಹಿತಿ 60 ಹರ್ಟ್ಸ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಡಿಸ್‌ಪ್ಲೇ‌ಪೋರ್ಟ್ ಇದ್ದರೆ ಅದನ್ನೇ ಬಳಸಿ. ನೆರೆಮನೆಯವರ ಕೇಬಲ್ ಒಂದು ದಿನಕ್ಕೆ ಇಸಿದುಕೊಂಡು ಹಚ್ಚಿ ನೋಡಿದರೂ ನಡೆಯುತ್ತದೆ, ಖರ್ಚೇ ಇಲ್ಲ.

ಕೇಬಲ್ ಬದಲಿಸಲು ಆಗದಿದ್ದರೆ ಇನ್ನೊಂದು ದಾರಿ ಇದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಅನ್ನು 144ರಿಂದ 120ಕ್ಕೆ, ಆಮೇಲೆ 60ಕ್ಕೆ ಇಳಿಸಿ. 60ರಲ್ಲಿ ಮಿಣುಕು ಪೂರ್ತಿ ನಿಂತರೆ ಕೇಬಲ್ ಮೇಲಿನ ಅನುಮಾನ ಗಟ್ಟಿಯಾಯಿತು. ಅಂದಹಾಗೆ, 144 ಹರ್ಟ್ಸ್ ಅಂತ ದುಡ್ಡು ಕೊಟ್ಟು ತಂದು, ಇದೇ ಜಾಗದಲ್ಲಿ 60 ಇರುವುದನ್ನು ನೋಡದೆ ವರ್ಷಗಟ್ಟಲೆ ಆಡಿದವರೂ ಇದ್ದಾರೆ.

ಇನ್ನು "ಬರೇ ಗೇಮ್‌ನ್ಯಾಗ ಅಷ್ಟ" ಅನ್ನುವವರ ಅಸಲಿ ಕಥೆ. ಡೊಳ್ಳು ಕುಣಿತ ನೆನಪಿಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಡೊಳ್ಳು ಬಾರಿಸುವವನಾದರೆ ಮಾನಿಟರ್ ಹೆಜ್ಜೆ ಹಾಕುವವನು. 144 ಹರ್ಟ್ಸ್ ಮಾನಿಟರ್ ಸುಮಾರು 6.9 ಮಿಲಿಸೆಕೆಂಡಿಗೊಂದು ಹೆಜ್ಜೆ ಹಾಕುತ್ತದೆ. ಕಾರ್ಡ್ ಮಾತ್ರ ಒಂದೇ ಲಯದಲ್ಲಿ ಬಾರಿಸುವುದಿಲ್ಲ. ಖಾಲಿ ಮೈದಾನದಲ್ಲಿ ಸೆಕೆಂಡಿಗೆ 140 ಚಿತ್ರ ಕೊಟ್ಟರೆ, ಹೊಗೆ, ಸ್ಫೋಟ, ಹತ್ತು ಜನ ಬಂದ ಕೂಡಲೇ 50ಕ್ಕೆ ಇಳಿಯುತ್ತದೆ. ತಾಳ ತಪ್ಪಿದಾಗ ಚಿತ್ರ ನಡುವೆ ಕತ್ತರಿಸಿದಂತೆ ಕಾಣುತ್ತದೆ. ಅದನ್ನು ತಪ್ಪಿಸಲೆಂದೇ ಫ್ರೀಸಿಂಕ್, ಜಿ-ಸಿಂಕ್ ಬಂದವು. ಇವು ಆನ್ ಇದ್ದರೆ ಡೊಳ್ಳಿನ ಪೆಟ್ಟು ಬೀಳುವವರೆಗೆ ಮಾನಿಟರ್ ಕಾಲೆತ್ತಿಕೊಂಡೇ ಕಾಯುತ್ತದೆ.

ಕಾಯುವುದರಲ್ಲೇ ಪೇಚು. ಕೆಲವು ಪ್ಯಾನೆಲ್‌ಗಳಲ್ಲಿ, ಮುಖ್ಯವಾಗಿ ವಿಎ ಮತ್ತು ಓಎಲ್‌ಇಡಿಯಲ್ಲಿ, ಒಂದು ಚಿತ್ರವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಅನ್ನುವುದರ ಮೇಲೆ ಅದರ ಬೆಳಕು ಒಂಚೂರು ಬದಲಾಗುತ್ತದೆ. ಲಯ ಮೇಲೆ ಕೆಳಗೆ ಹಾರಿದಂತೆಲ್ಲ ಬೆಳಕೂ ಹಾರುತ್ತದೆ. ಕತ್ತಲೆ ದೃಶ್ಯ, ಬೂದು ಬಣ್ಣ, ಗೇಮ್ ಲೋಡ್ ಆಗುವ ಹೊತ್ತು, ಮೆನು ಪುಟ, ಇಲ್ಲೇ ಹೆಚ್ಚು ಕಾಣುವುದು. ಇದು ಕೆಟ್ಟುಹೋದ ಮಾನಿಟರ್ ಅಲ್ಲ, ಬದಲಿಸಿ ತಂದರೂ ಅದೇ ಮಾಡೆಲ್ ಅದನ್ನೇ ಮಾಡಬಹುದು.

ಉಪಾಯ ಏನೆಂದರೆ ಲಯವನ್ನು ಸ್ಥಿರ ಮಾಡುವುದು. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಎಫ್‌ಪಿಎಸ್ ಲಿಮಿಟ್ ಇರುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ. ನಿಮ್ಮ ಕಾರ್ಡ್ ಯಾವಾಗಲೂ ನಿಭಾಯಿಸಬಲ್ಲ ಸಂಖ್ಯೆಗೆ, ಉದಾಹರಣೆಗೆ 90ಕ್ಕೆ, ಕಟ್ಟಿಹಾಕಿ. ನೆರಳು, ಹೊಗೆಯ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಫ್ರೀಸಿಂಕ್ ಆಫ್ ಮಾಡಿ ಆಡಿ. ಚಿತ್ರ ಅಲ್ಲಲ್ಲಿ ಹರಿದಂತೆ ಕಂಡರೂ ಮಿಣುಕಿಗಿಂತ ಅದು ಕಣ್ಣಿಗೆ ಮೇಲು ಎಂಬುದು ನಮ್ಮ ಅಭಿಪ್ರಾಯ.

ಡ್ರೈವರ್ ದೋಷವೇ ಅಂತ ತಿಳಿಯಲು ಮೈಕ್ರೋಸಾಫ್ಟ್ ಹೇಳುವ ಪರೀಕ್ಷೆ ಹೀಗಿದೆ. ಸ್ಕ್ರೀನ್ ಮಿಣುಕುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಸೇರಿ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್, ಅದೊಂದು ಬಿಟ್ಟು ಉಳಿದದ್ದೆಲ್ಲ ಮಿಣುಕಿದರೆ ಯಾವುದೋ ಆ್ಯಪ್ ಹೊಂದುತ್ತಿಲ್ಲ ಎಂದರ್ಥ. ಅಪ್‌ಡೇಟ್ ಆದ ಮರುದಿನದಿಂದ ಶುರುವಾಗಿದ್ದರೆ ಹಿಂದಿನ ಡ್ರೈವರ್‌ಗೇ ಮರಳಿ. ಬಣ್ಣಬಣ್ಣದ ಚುಕ್ಕಿ, ಚೌಕ, ಗೀಟು ಬಂದರೆ ಅದು ಬೇರೆ ಕಾಯಿಲೆ, ಕಾರ್ಡ್ ಬಿಸಿಯಾಗಿರಬಹುದು. ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗಿನ ಧೂಳು ತೆಗೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ.

ಕುರ್ಚಿಯಿಂದ ಎದ್ದಾಗ, ಕೂತಾಗ ಮಾತ್ರ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತದೆ ಅನ್ನುವವರೂ ಉಂಟು. ದೆವ್ವ ಅಲ್ರಿ. ಗ್ಯಾಸ್ ಲಿಫ್ಟ್ ಇರುವ ತಿರುಗುವ ಕುರ್ಚಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಕೇಬಲ್‌ಗೆ ತಾಗಿ ಹೀಗಾಗುವುದುಂಟು. ಒಳ್ಳೆಯ ಕೇಬಲ್, ಸರಿಯಾದ ಅರ್ಥಿಂಗ್ ಇದಕ್ಕೆ ಮದ್ದು.

ಮಿಣುಕನ್ನು ಸಹಿಸಿಕೊಂಡು ಆಡಿದರಾಯಿತು ಅನ್ನುವ ಮಕ್ಕಳ ತಂದೆತಾಯಿ ಇದನ್ನು ಓದಬೇಕು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿಣುಕಿತು. ಅದನ್ನು ನೋಡಿ 600ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. ಮಿಣುಕು ಬೆಳಕಿಗೆ ಮೂರ್ಛೆ ಬರುವವರು ಬಹಳ ಕಡಿಮೆ, ಆದರೆ ಇದ್ದಾರೆ, ಮೊದಲ ಸಲ ಬರುವವರೆಗೆ ಅವರಿಗೇ ಗೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಕೈಗೆ ಕಬ್ಬಿಣ ಕೊಡೂದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೂದು, ಬಾಯಿಗೆ ಚಮಚ ತುರುಕೂದು ಮಾಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ. 5 ನಿಮಿಷದೊಳಗೆ ನಿಲ್ಲದಿದ್ದರೆ ಅಥವಾ ಮೊದಲ ಸಲ ಬಂದಿದ್ದರೆ 108ಕ್ಕೆ ಫೋನ್ ಮಾಡಿ. ಕತ್ತಲೆ ಕೋಣೆಯಲ್ಲಿ, ಪರದೆಗೆ ಮೂಗು ಹಚ್ಚಿ ಆಡುವುದನ್ನಂತೂ ಬಿಡಿಸಿ.

ಎಲ್ಲಾ ನೋಡಿಯೂ ಸರಿಯಾಗದೆ, ಇನ್ನೊಂದು ಕಂಪ್ಯೂಟರಿಗೆ ಹಚ್ಚಿದಾಗಲೂ ಅದೇ ಮಾನಿಟರ್ ಮಿಣುಕಿದರೆ ವಾರಂಟಿ ಕೇಳಿ. ಬಿಲ್ ಬೇಕು, ಸೀರಿಯಲ್ ನಂಬರ್ ಅದರಲ್ಲಿ ಬರೆದಿದ್ದರೆ ಇನ್ನೂ ಒಳ್ಳೆಯದು. ಮಾರುವ ಅಂಗಡಿಯವರು ಇದನ್ನು ಮೊದಲೇ ಬರೆದುಕೊಟ್ಟರೆ ಮುಂದೆ ಜಗಳ ತಪ್ಪುತ್ತದೆ. ವಾರಂಟಿ ಇದ್ದೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಂಗಡಿಗೆ ಒಯ್ದಾಗ ಮಾನಿಟರ್ ಮಿಣುಕದೇ ಸುಮ್ಮನಿರುವುದು ಮಾಮೂಲು, ಹಾಗಾಗಿ ಮನೆಯಲ್ಲೇ ಮೊಬೈಲ್‌ನಿಂದ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ವಿಡಿಯೋದಲ್ಲಿ ನಿಧಾನಕ್ಕೆ ಜಾರುವ ಕಪ್ಪು ಪಟ್ಟಿ ಕಂಡರೆ ಅದು ಕ್ಯಾಮೆರಾಗೂ ಪರದೆಗೂ ಲಯ ಕೂಡದ್ದರಿಂದ ಬರುವಂಥದ್ದು. ಕಣ್ಣಿಗೆ ಕಾಣುವ ಮಿಣುಕು ವಿಡಿಯೋದಲ್ಲೂ ಬರುವ ಹಾಗೆ, ಮಾನಿಟರಿನ ಮೆನು ತೆರೆದಿಟ್ಟೇ ಚಿತ್ರೀಕರಿಸಿ.